ಬೆಂಡಣ್ಣನಿಗೆ ಉಳಿದ ಒಂದು ಮಾತು

ಬೆಂಡಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಸೈಕಲ್ ಚಕ್ರದ ಬೆಂಡು ತೆಗೆಯುವುದರಲ್ಲಿ ಅವನಷ್ಟು ಕೈ ಕುದುರಿದವರು ಸುತ್ತಮುತ್ತ ಇರಲಿಲ್ಲ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಚಕ್ರವನ್ನು ಜೋರಾಗಿ ತಿರುಗಿಸಿ, ರಿಮ್ಮಿನ ಪಕ್ಕದಲ್ಲಿ ಒಂದು ತುಂಡು ಸೀಮೆಸುಣ್ಣ ಹಿಡಿಯುತ್ತಿದ್ದ. ಚಕ್ರ ಎಲ್ಲಿ ಬಾಗಿದೆಯೋ ಅಲ್ಲಿ ಮಾತ್ರ ಬಿಳಿಯ ಗೀಟು ಬೀಳುತ್ತದೆ. ಆ ಗೀಟು ನೋಡಿಕೊಂಡು ಒಂದು ಬದಿಯ ಕಡ್ಡಿ ಬಿಗಿದು, ಇನ್ನೊಂದು ಬದಿಯದನ್ನು ಸಡಿಲಿಸಿ, ಮತ್ತೆ ತಿರುಗಿಸಿ, ಗೀಟೇ ಬೀಳದ ಹಾಗಾದ ಮೇಲೆಯೇ ಸೈಕಲ್ಲನ್ನು ನೆಲಕ್ಕೆ ಇಳಿಸುತ್ತಿದ್ದ.

ಮೋರಿಗೆ ಬಿದ್ದು ಚಕ್ರ ಸೊಟ್ಟ ಮಾಡಿಕೊಂಡು ಬಂದವರಿಗೆ ಅವನ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು. "ಚಕ್ರದ ಬೆಂಡು ನಾನು ತೆಗೀತೀನಿ. ಮನೇಲಿ ನಿನ್ನ ಬೆಂಡೆತ್ತೋರು ಯಾರಪ್ಪಾ?"

ಓರೆಯಾದದ್ದನ್ನು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಯಾರದೋ ಮನೆಗೆ ಹೋದಾಗ ಗೋಡೆಯ ಫೋಟೋ ವಾಲಿದ್ದರೆ, ಎದ್ದು ಸರಿಮಾಡಿಯೇ ಕೂರುತ್ತಿದ್ದ. ಅವನ ಹೆಂಡತಿ ನಗುತ್ತಾ ಹೇಳುತ್ತಿದ್ದುದುಂಟು: "ಮದುವೆಗೆ ಮುಂಚೆ ನಮ್ಮನೆಗೆ ಬಂದಿದ್ರಲ್ಲ, ಆವತ್ತು ನನ್ನ ಮುಖ ಎಲ್ಲಿ ನೋಡಿದ್ರು? ಬಾಗಿಲಲ್ಲಿ ನಿಲ್ಸಿದ್ದ ನಮ್ಮಪ್ಪನ ಸೈಕಲ್ಲಿನ ಹಿಂದಿನ ಚಕ್ರಾನೇ ನೋಡ್ತಾ ಕೂತಿದ್ರು."

ಈ ಹೆಂಡತಿಯನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತಿದ್ದರು. ಅಂಗಡಿ ಬೇರೆಯಲ್ಲ, ಮನೆ ಬೇರೆಯಲ್ಲ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಅದರ ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಹಿತ್ತಲ ಕಡೆ ಕಿಟಕಿ ಇದ್ದ ಒಳಕೋಣೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಅಕ್ಕ ಗಂಡನ ಪಕ್ಕ ಕುಳಿತು ಪಂಕ್ಚರ್ ಹಾಕುವುದು ಕಲಿತಳು. ಆಮೇಲೆ ಬ್ರೇಕು, ಚೈನು. ಕಡ್ಡಿ ಚಕ್ರದ ಬೆಂಡು ತೆಗೆಯುವುದೂ ನಿಧಾನವಾಗಿ ಕೈಗೆ ಹತ್ತಿತು. ಅವಳು ಕೆಲಸ ಕೆಡಿಸಿದರೆ ಬೆಂಡಣ್ಣ ಹೆಂಡತಿ ಎಂದು ನೋಡುತ್ತಿರಲಿಲ್ಲ. ಒಮ್ಮೆ ಹೊಸ ರಿಮ್ಮಿನ ಮೇಲೆ ಒಂದು ಗೀರು ಬಿದ್ದುದಕ್ಕೆ ಕೈಯಲ್ಲಿದ್ದ ಸ್ಪ್ಯಾನರನ್ನು ಬೀದಿಗೆ ಎಸೆದು, ಊಟ ಬಿಟ್ಟು ಕುಳಿತಿದ್ದ. ಸ್ಪ್ಯಾನರನ್ನು ತಂದುಕೊಟ್ಟವನು ಎದುರಿನ ಕ್ಷೌರದಂಗಡಿಯವನು. "ಅಕ್ಕಾ, ಇವರಿಗೆ ಊಟ ಬೇಡ, ಎಣ್ಣೆ ಹಾಕು" ಎಂದಿದ್ದ.

ಅವನು ಅಕ್ಕನಿಗೆ ಕಲಿಸದೆ ಬಿಟ್ಟ ಕೆಲಸ ಒಂದೇ, ಪ್ಲಾಸ್ಟಿಕ್ ಚಕ್ರದ್ದು. ಒಂದು ಕಾಲಕ್ಕೆ ಮಕ್ಕಳೆಲ್ಲ ಬಿಎಂಎಕ್ಸ್ ಸೈಕಲ್ಲಿನ ಹುಚ್ಚು ಹತ್ತಿಸಿಕೊಂಡಿದ್ದರು. ಕುಳ್ಳಗೆ, ಗಟ್ಟಿಯಾಗಿ, ಅಗಲ ಹ್ಯಾಂಡಲ್ಲಿನ ಸೈಕಲ್ಲು. ಕೆಲವಕ್ಕೆ ಕಡ್ಡಿಗಳೇ ಇರಲಿಲ್ಲ. ರಿಮ್ಮು, ನಡುವಿನ ಹಬ್, ಅವೆರಡನ್ನೂ ಸೇರಿಸುವ ದಪ್ಪ ತೋಳುಗಳು ಎಲ್ಲ ಸೇರಿ ಒಂದೇ ಅಚ್ಚಿನ ಹಳದಿ ಪ್ಲಾಸ್ಟಿಕ್ಕು. ಬಿಸಿಲಲ್ಲಿ ಬಿಟ್ಟರೆ, ಮೇಲೆ ಭಾರ ಹೇರಿದರೆ, ಅದು ಒಣಗಿದ ಎಲೆಯ ಹಾಗೆ ಸೊಟ್ಟಗಾಗುತ್ತಿತ್ತು. ಬಿಗಿಯಲು ಕಡ್ಡಿ ಇಲ್ಲ, ಬಡಿದರೆ ಸೀಳುತ್ತದೆ. ಬೆಂಡಣ್ಣ ಹೇಗೋ ದಾರಿ ಕಂಡುಕೊಂಡಿದ್ದ. ಚಕ್ರವನ್ನು ಅಗಲ ತೊಟ್ಟಿಯ ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡುವುದು, ಎರಡು ಚಪ್ಪಡಿ ಕಲ್ಲುಗಳ ನಡುವೆ ಒತ್ತಿಡುವುದು, ಪೂರ್ತಿ ತಣ್ಣಗಾದ ಮೇಲೆ ತೆಗೆಯುವುದು. ಗಿರಾಕಿಗಳು ಗುಟ್ಟು ಕೇಳಿದರೆ ಗಂಭೀರವಾಗಿ ಹೇಳುತ್ತಿದ್ದ:

"ಇದಕ್ಕೆ ಎರಡೇ ಕೆಲಸ. ಮೊದಲು ಕಾಯ್ಬೇಕು. ಆಮೇಲೆ ಕಾಯ್ಬೇಕು."

ಮೊದಲನೆಯದು ಚಕ್ರ ಬಿಸಿಯಾಗಿ ಕಾಯುವುದು, ಎರಡನೆಯದು ನಾವು ಕುಳಿತು ಕಾಯುವುದು. ಗಿರಾಕಿಗೆ ತಡವಾಗಿ ಅರ್ಥವಾಗಿ ನಗು ಬಂದರೆ ಬೆಂಡಣ್ಣನಿಗೆ ಅಂದಿನ ದಿನ ಸಾರ್ಥಕ. ಅಡುಗೆಮನೆಯಿಂದ ಈ ಮಾತನ್ನು ಸಾಕುಸಾಕಾಗುವಷ್ಟು ಕೇಳಿದ್ದ ಅಕ್ಕನಿಗೆ ಮಾತು ಬಾಯಿಪಾಠವಾಗಿತ್ತು, ಕೆಲಸ ಬರುತ್ತಿರಲಿಲ್ಲ. ಮೊದಲನೆಯ ಕಾಯುವಿಕೆ ಎಲ್ಲಿ ಮುಗಿಯಬೇಕು, ಎರಡನೆಯದು ಎಲ್ಲಿಂದ ಶುರುವಾಗಬೇಕು ಎಂಬುದು ಅವನ ಹೆಬ್ಬೆರಳಿಗೆ ಮಾತ್ರ ಗೊತ್ತಿತ್ತು.

ಒಂದು ಬೆಳಿಗ್ಗೆ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದವನು ಪಂಪಿನ ಮೇಲೆಯೇ ಬಿದ್ದ. ಲಕ್ವ. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಆಸ್ಪತ್ರೆಯಲ್ಲಿ ಬಹಳ ದಿನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಕೊನೆಗೆ ಅಕ್ಕ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಗ ಬೆಂಡಣ್ಣ ಅವಳ ಮುಖ ನೋಡಿ, ಸ್ಪಷ್ಟವಾಗಿ, ಹಳೆಯ ಧ್ವನಿಯಲ್ಲೇ ಹೇಳಿದ:

"ಕಾಯ್ಬೇಕು."

ಅಕ್ಕ ಚಮಚ ಕೆಳಗಿಟ್ಟು ಅತ್ತುಬಿಟ್ಟಳು. ಗಂಜಿ ಆರಿಹೋಗಿತ್ತು. ಓಡಿಹೋಗಿ ಬಿಸಿ ಮಾಡಿಸಿಕೊಂಡು ಬಂದಳು.

ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು ಸಮಾಧಾನವಾಗಿಯೇ ಹೇಳಿದರು. "ನೋಡಮ್ಮ, ಮಿದುಳಲ್ಲಿ ಮಾತಿನ ಜಾಗಕ್ಕೆ ಏಟು ಬಿದ್ದಿದೆ. ಕೆಲವರಿಗೆ ಹೀಗೆ ಒಂದೇ ಮಾತು ಉಳಿದುಬಿಡುತ್ತೆ. ಏನು ಕೇಳಿದ್ರೂ ಅದೇ ಬರುತ್ತೆ. ಅದಕ್ಕೆ ಅರ್ಥ ಹುಡುಕ್ತಾ ಹೋದ್ರೆ ನಿಮಗೇ ನೋವು."

"ನಾವು ಹೇಳಿದ್ದು ಅವರಿಗೆ ತಿಳಿಯುತ್ತಾ?"

"ಎಷ್ಟು ತಿಳಿಯುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ಹೆಚ್ಚೇನೂ ಇರಲಾರದು ಅಂತ ನನಗನಿಸುತ್ತೆ."

ಅಕ್ಕ ತಲೆಯಾಡಿಸಿದಳು, ಒಪ್ಪಲಿಲ್ಲ. ಗಂಡನನ್ನು ಮನೆಗೆ ಕರೆತಂದವಳು ಮಂಚವನ್ನು ಒಳಕೋಣೆಯಲ್ಲಿ ಹಾಕಿಸಲಿಲ್ಲ. ಅಂಗಡಿಯಲ್ಲೇ, ಕೆಲಸದ ಬೆಂಚಿನ ಎದುರಿಗೆ ಹಾಕಿಸಿದಳು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೆ ಅವನಿಗೆ ಚಕ್ರಗಳು ಕಾಣುತ್ತಿದ್ದವು.

ಆ ಮಾತಾದರೂ ಎಂಥ ಮಾತು! ಎಲ್ಲದಕ್ಕೂ ಹೊಂದುತ್ತಿತ್ತು. "ರೀ, ಹಾಲು ಕೊಡ್ಲಾ?" "ಕಾಯ್ಬೇಕು." ಸರಿ, ಇನ್ನೂ ಕಾದಿಲ್ಲ. "ಸ್ನಾನಕ್ಕೆ ಏಳ್ತೀರಾ?" "ಕಾಯ್ಬೇಕು." ಸರಿ, ನೀರು ಕಾಯಲಿ. ಗಿರಾಕಿ ಬಂದು "ಅಣ್ಣಾ, ನನ್ನ ಸೈಕಲ್ಲು ಯಾವಾಗ ಕೊಡ್ತೀರಾ?" ಎಂದರೆ "ಕಾಯ್ಬೇಕು." ಅಂಗಡಿಯೇ ನಗುತ್ತಿತ್ತು. ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು, "ಬೆಂಡಣ್ಣ ಈಗ ಸುಳ್ಳು ಹೇಳೋದು ಬಿಟ್ಟವ್ನೆ. ಮೊದಲಾದ್ರೆ ನಾಳೆ ಬಾ ಅಂತಿದ್ದ" ಎನ್ನುತ್ತಿದ್ದ. ಅಕ್ಕ ಪ್ರತಿ ಸಲವೂ "ಹೂಂ ಕಣ್ರೀ" ಎಂದು ಉತ್ತರ ಕೊಡುತ್ತಿದ್ದಳು. ಅವರಿಬ್ಬರ ನಡುವೆ ದಿನವಿಡೀ ಸಂಸಾರದ ಮಾತುಕತೆ ನಡೆಯುತ್ತಿರುವಂತೆಯೇ ಇತ್ತು.

ಮಗಳಿಗೆ ಇದು ಸಹಿಸಲಾಗುತ್ತಿರಲಿಲ್ಲ. ಅವಳು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅಪ್ಪನ ಕೆಮ್ಮು ದಿನದಿನಕ್ಕೆ ಏರುತ್ತಿದ್ದುದು ಅವಳ ಕಿವಿಗೆ ಬೇರೆಯವರಿಗಿಂತ ಮೊದಲೇ ಬಿದ್ದಿತ್ತು.

"ಅಮ್ಮಾ, ಇಲ್ಲಿ ಧೂಳು, ಸೀಮೆಎಣ್ಣೆ, ಪಂಕ್ಚರ್ ಸೊಲ್ಯೂಷನ್ ವಾಸನೆ. ಮಲಗಿದ ಕಡೆಯೇ ಇರೋರಿಗೆ ಎದೇಲಿ ಕಫ ಕಟ್ಟಿದ್ರೆ ಕಷ್ಟ ಅಂತ ಡಾಕ್ಟರಮ್ಮ ಹೇಳಿಲ್ವಾ? ಒಳಗಡೆ ಕಿಟಕಿ ಹತ್ರ ಮಲಗಿಸೋಣ."

"ಒಳಗೆ ಹಾಕಿ ಏನು ನೋಡ್ಲಿ ಅವರು? ಗೋಡೆನಾ? ಕೆಲಸ ಕಣ್ಣೆದುರಿಗಿದ್ರೆ ಜೀವ ಹಿಡ್ಕೊಂಡಿರುತ್ತೆ."

"ಅವರಿಗೆ ಗೊತ್ತಾಗಲ್ಲಮ್ಮ!" ಎಂದು ಮಗಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಿಮ್ಮ ಹೆಸರೇನು?"

"ಕಾಯ್ಬೇಕು."

"ನೋಡು."

"ಏನು ನೋಡೋದು? ಹೆತ್ತಪ್ಪನ ಹೆಸರು ಅಪ್ಪನ್ನೇ ಕೇಳ್ತೀಯಾ, ಬೇರೆ ಏನು ಹೇಳ್ಬೇಕು? ಗೊತ್ತಿರೋದನ್ನ ಕೇಳಿದ್ರೆ ಹೀಗೇ ಕಾಯಿಸ್ತಾರೆ."

ತಾಯಿ ಮಗಳ ಜಗಳವೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆ ಮಾತಿನ ಹಿಂದೆ ಬೆಂಡಣ್ಣ ಇದ್ದಾನೋ ಇಲ್ಲವೋ? ಇದ್ದಾನೆ ಎಂದಾದರೆ ಅಂಗಡಿ ಅವನ ಜಾಗ. ಇಲ್ಲ ಎಂದಾದರೆ ಅಕ್ಕ ಒಂದು ಜೀವವನ್ನು ಸುಮ್ಮನೆ ಧೂಳಿನಲ್ಲಿ ಕೂರಿಸಿದ್ದಾಳೆ.

ಆ ದಿನಗಳಲ್ಲೇ ಬಸ್ ಡ್ರೈವರ್ ಒಬ್ಬ ಹಳೆಯ ಬಿಎಂಎಕ್ಸ್ ಒಂದನ್ನು ಹೆಗಲ ಮೇಲೆ ಹೊತ್ತು ತಂದ. ಚಿಕ್ಕಂದಿನಲ್ಲಿ ಅವನದೇ ಸೈಕಲ್ಲು. ತನ್ನ ಅಣ್ಣನ ಮನೆಯ ತಾರಸಿಯ ಮೇಲೆ ನೀರಿನ ಡ್ರಮ್ಮಿನ ಕೆಳಗೆ ಬಿದ್ದುಕೊಂಡಿತ್ತಂತೆ. ಈಗ ತನ್ನ ಪುಟ್ಟ ಮಗಳಿಗೆ ಕಲಿಸಬೇಕೆಂಬ ಆಸೆ. ಹಳದಿ ಚಕ್ರಗಳು ಬಿಸಿಲಿಗೆ ಬೆಳ್ಳಗಾಗಿದ್ದವು. ಮುಂದಿನದು ಸ್ವಲ್ಪ ಬಾಗಿತ್ತು, ಹಿಂದಿನದು ತೀರಾ ಸುರುಟಿಕೊಂಡಿತ್ತು.

"ಇದನ್ನ ನೆಟ್ಟಗೆ ಮಾಡೋರು ಇವರೊಬ್ರೇ ಅಂದ್ರು ಎಲ್ರೂ. ಅಣ್ಣಂಗೆ ಹೀಗಾಗಿದೆ ಅಂತ ಗೊತ್ತಿರ್ಲಿಲ್ಲ ಅಕ್ಕಾ. ಬೇರೆ ಚಕ್ರ ಹಾಕಿಸಿಕೊಳ್ತೀನಿ ಬಿಡಿ" ಎಂದು ಡ್ರೈವರ್ ಸಂಕೋಚದಿಂದ ಸೈಕಲ್ಲನ್ನು ಮತ್ತೆ ಎತ್ತಿಕೊಳ್ಳಲು ಹೋದ.

ಮಂಚದ ಮೇಲಿಂದ ದನಿ ಬಂತು. "ಕಾಯ್ಬೇಕು."

ಅಕ್ಕ ತಟ್ಟನೆ ಆ ಕಡೆ ತಿರುಗಿದಳು. ಪ್ಲಾಸ್ಟಿಕ್ ಚಕ್ರ ನೋಡಿ ಹೇಳುತ್ತಿದ್ದ ಮಾತು ಅದೇ ಅಲ್ಲವೇ? ಅವಳು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಳು. "ಇಟ್ಟು ಹೋಗಿ. ಇವರು ಹೇಳ್ತಾರೆ, ನಾನು ಮಾಡ್ತೀನಿ."

ಸಂಜೆ ವಿಷಯ ತಿಳಿದ ಮಗಳು ಸುರುಟಿದ ಚಕ್ರವನ್ನು ಮುಟ್ಟಿ ನೋಡಿ ಹೇಳಿದಳು: "ಸರಿ. ಅಪ್ಪ ಹೇಳಿದ ಹಾಗೆ ಮಾಡಿ ಈ ಎರಡು ಚಕ್ರ ನೆಟ್ಟಗಾಗ್ಲಿ. ಮಂಚದ ಸುದ್ದಿ ನಾನಿನ್ನು ಎತ್ತಲ್ಲ."

ಅಕ್ಕ ಮುಂದಿನ ಚಕ್ರದಿಂದ ಶುರುಮಾಡಿದಳು. ಟೈರು, ಟ್ಯೂಬು, ಬೇರಿಂಗುಗಳನ್ನು ಕಳಚಿ ಬಟ್ಟೆಯಲ್ಲಿ ಕಟ್ಟಿಟ್ಟಳು. ಬಾಗಿಲ ಹೊರಗೆ ಮೂರು ಕಲ್ಲು ಹೂಡಿ, ತೊಟ್ಟಿ ಏರಿಸಿ, ಚಕ್ರದ ಅಡಿಗೆ ಹೆಂಚಿನ ಚೂರುಗಳನ್ನಿಟ್ಟಳು. ಕಬ್ಬಿಣದ ತಳ ಪ್ಲಾಸ್ಟಿಕ್ಕಿಗೆ ತಾಗಬಾರದು ಎಂಬಷ್ಟು ಅವಳೂ ನೋಡಿದ್ದಳು. ನೀರು ಕುದಿಯಿತು. ಬಟ್ಟೆ ಸುತ್ತಿಕೊಂಡ ಕೈಯಿಂದ ಚಕ್ರ ಎತ್ತಿ ಒತ್ತಿ ನೋಡಿದರೆ ಇನ್ನೂ ಗಡುಸು. ಗಂಡನತ್ತ ನೋಡಿದಳು. "ಕಾಯ್ಬೇಕು." ಮತ್ತೆ ಮುಳುಗಿಸಿದಳು. ಕೊನೆಗೆ ಹೆಬ್ಬೆರಳಿಗೆ ಮಣಿಯತೊಡಗಿದಾಗ ಚಪ್ಪಡಿಗಳ ನಡುವೆ ಇಟ್ಟು, ಮೇಲೆ ಭಾರಕ್ಕೆ ಕಬ್ಬಿಣದ ವೈಸ್ ಹೇರಿ, ಸುತ್ತ ಕ್ಲಾಂಪು ಬಿಗಿದಳು. ಮಧ್ಯಾಹ್ನದ ಹೊತ್ತಿಗೆ ಕಲ್ಲು ಮುಟ್ಟಿದರೆ ಬರೀ ಉಗುರುಬೆಚ್ಚಗಿತ್ತು. ತೆಗೆದು ನೋಡುವ ಆತುರ. ಕ್ಲಾಂಪಿಗೆ ಕೈ ಹಾಕಿದಳು.

"ಕಾಯ್ಬೇಕು."

ಕೈ ಹಿಂದಕ್ಕೆ ಬಂತು. ಮರುದಿನ ಬೆಳಿಗ್ಗೆ ತೆಗೆದು, ಸೈಕಲ್ಲಿಗೆ ಹಾಕಿ, ತಿರುಗಿಸಿ ಸೀಮೆಸುಣ್ಣ ಹಿಡಿದಳು. ಎಲ್ಲಿಯೂ ಗೀಟು ಬೀಳಲಿಲ್ಲ.

ಅಕ್ಕ ಬೀದಿಗೆ ಓಡಿದಳು. ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಮುಖದ ಸೋಪು ಹಾಗೇ ಬಿಟ್ಟು ಬಂದು ನೋಡಿದ, ಸೋಪಿನ ಗಿರಾಕಿಯೂ ಹಿಂದೆ ಬಂದ. ಮಗಳು ಕೆಲಸಕ್ಕೆ ಹೊರಟವಳು ಚೀಲ ಕೆಳಗಿಟ್ಟು ಚಕ್ರವನ್ನು ತಾನೇ ಒಮ್ಮೆ ತಿರುಗಿಸಿದಳು. ಆಮೇಲೆ ಮಂಚದ ತುದಿಯಲ್ಲಿ ಕುಳಿತು ಅಪ್ಪನ ಎಡಗೈಯನ್ನು ಕೆನ್ನೆಗೆ ಒತ್ತಿಕೊಂಡಳು. ಅವಳು ಸೋತಿದ್ದಳು, ಸೋತದ್ದು ಅವಳಿಗೆ ಬೇಕಾಗಿಯೂ ಇತ್ತು.

"ಅಪ್ಪಾ, ನಿಮಗೆ ನಿಜವಾಗ್ಲೂ ಗೊತ್ತಾಗುತ್ತಾ?"

"ಕಾಯ್ಬೇಕು" ಎಂದ ಬೆಂಡಣ್ಣ.

"ಹೂಂ ಅಪ್ಪಾ" ಎಂದಳು ಮಗಳು. ಅಲ್ಲಿಯವರೆಗೆ ಅವಳು ಒಮ್ಮೆಯೂ ಹಾಗೆ ಉತ್ತರ ಕೊಟ್ಟಿರಲಿಲ್ಲ.

ಹಿಂದಿನ ಚಕ್ರದ ದಿನ ಮಗಳಿಗೆ ರಜೆ. ಅವಳೂ ಬೆಂಕಿಯ ಮುಂದೆ ಕುಳಿತಳು. ಸುರುಟಿದ ಚಕ್ರ ತೊಟ್ಟಿಯಲ್ಲಿ ಸಮನಾಗಿ ಕೂರದೆ, ಒಂದು ಅಂಚು ನೀರಿನ ಆಳದಲ್ಲಿ, ಇನ್ನೊಂದು ಮೇಲಕ್ಕೆ ಎದ್ದುಕೊಂಡಿತ್ತು. ಅಕ್ಕ ಆಗಾಗ ತಿರುಗಿಸಿ ಹಾಕಿದಳು. ಬಹಳ ಹೊತ್ತಾದ ಮೇಲೆ ಒತ್ತಿ ನೋಡಿದರೆ ಚಕ್ರ ಹೆಬ್ಬೆರಳಿಗೆ ಮಣಿಯಿತು. ಸಾಕು ಎಂದು ಅವಳ ಕೈಗೆ ಅನಿಸಿತು.

"ರೀ, ಸಾಕಲ್ವಾ? ತೆಗೀಲಾ?"

"ಕಾಯ್ಬೇಕು."

ಹಾಗಿದ್ದರೆ ಸಾಲದು. ಮೊದಲನೆಯದಕ್ಕಿಂತ ಇದು ಹೆಚ್ಚು ಬಾಗಿದೆಯಲ್ಲ, ಅದಕ್ಕೇ ಇರಬೇಕು. ಅವಳು ಇನ್ನೊಂದು ಸೌದೆ ತುರುಕಿದಳು. ನೀರು ಇಳಿಯುತ್ತಾ ಬಂತು.

"ಅಮ್ಮಾ, ನೀರು ಕಮ್ಮಿಯಾಗ್ತಿದೆ, ಹಾಕ್ಲಾ?" ಎಂದು ಮಗಳು ಎದ್ದಳು.

"ತಾಳು. ತಣ್ಣೀರು ಹಾಕಿದ್ರೆ ಕಾವು ಹೋಗುತ್ತೆ. ಏನ್ರೀ, ತೆಗೀಲಾ ಈಗ?"

"ಕಾಯ್ಬೇಕು."

ಅವಳ ಕೈ 'ಬೇಡ, ತೆಗೆ' ಎನ್ನುತ್ತಲೇ ಇತ್ತು. ಆದರೆ ಕೈಯ ಮಾತು ಕೇಳಿದರೆ ಗಂಡನ ಮಾತನ್ನು ನಂಬಲಿಲ್ಲ ಎಂದಾಗುತ್ತಿತ್ತು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಕುಳಿತಳು. ನೀರು ತಳಕ್ಕಿಳಿದಿತ್ತು, ಕುದಿತಕ್ಕೆ ಹೆಂಚಿನ ಚೂರೊಂದು ಜಾರಿತ್ತೋ ಏನೋ, ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ಇಬ್ಬರೂ ದಡಬಡಿಸಿ ಎದ್ದದ್ದು. ಚಕ್ರ ಎತ್ತಿದರೆ ಕಬ್ಬಿಣದ ತಳಕ್ಕೆ ತಾಗಿದ್ದ ಅಂಚು ಕುಸಿದು, ಮೇಣದ ಹಾಗೆ ಜೋತುಬಿದ್ದಿತ್ತು.

ಅಕ್ಕ ಅದನ್ನು ಹಿಡಿದುಕೊಂಡೇ ಒಳಗೆ ಬಂದು ಮಂಚದ ಮುಂದೆ ನಿಂತಳು. ಬಟ್ಟೆಯಿಂದ ಬಿಸಿನೀರು ತೊಟ್ಟಿಕ್ಕಿ ಅವಳ ಪಾದದ ಮೇಲೆ ಬೀಳುತ್ತಿತ್ತು.

"ನೋಡಿ. ಹಾಳು ಮಾಡ್ಬಿಟ್ಟೆ. ನೋಡ್ರೀ."

ಅವಳು ಕಾದಳು. ಒಂದು ಗೀರಿಗೆ ಊಟ ಬಿಟ್ಟಿದ್ದ ಮನುಷ್ಯ. ಕೂಗಲು ಮಾತಿಲ್ಲದಿದ್ದರೆ ಬೇಡ, ಎಸೆಯಲು ಕೈ ಏಳದಿದ್ದರೆ ಬೇಡ; ಮುಖ ಸಿಂಡರಿಸಿದರೂ ಸಾಕಿತ್ತು, ಹುಬ್ಬು ಗಂಟಿಕ್ಕಿದರೂ ಸಾಕಿತ್ತು. ಬೆಂಡಣ್ಣ ಜೋತುಬಿದ್ದ ಚಕ್ರವನ್ನು ನೋಡಿದ. ಬೆಳಿಗ್ಗೆ ಹಾಲಿನ ಲೋಟ ನೋಡಿದಾಗ ಇದ್ದ ಮುಖವೇ. ಗೋಡೆ ನೋಡುವಾಗಿನ ಮುಖವೂ ಅದೇ. ಅದರಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ, ಅವನಿರಲಿಲ್ಲ. ಅವಳ ಮುಖ ಕಂಡು ತುಟಿಯ ಒಂದು ತುದಿ ನಗುವಂತೆ ಎದ್ದಿತು.

"ಕಾಯ್ಬೇಕು" ಎಂದ, ಅದೇ ಧ್ವನಿಯಲ್ಲಿ.

ಅಕ್ಕ ಉತ್ತರ ಕೊಡಲಿಲ್ಲ. ಮಗಳು ಬಾಗಿಲಲ್ಲಿ ನಿಂತಿದ್ದಳು. ಗೆದ್ದೆ ಎಂದು ಹೇಳಬಹುದಿತ್ತು. ಅವಳು ಬಂದು ತಾಯಿಯ ಕೈಯಿಂದ ಚಕ್ರ ತೆಗೆದುಕೊಂಡಳು.

"ಮೊದಲನೇದು ನೆಟ್ಟಗಾಯ್ತಲ್ಲೇ" ಎಂದಳು ಅಕ್ಕ, ಯಾರಿಗೋ ಹೇಳುವ ಹಾಗೆ.

"ಅದನ್ನ ನೆಟ್ಟಗೆ ಮಾಡಿದ್ದು ನೀನಮ್ಮ."

"ನಾನೇ ಮಾಡಿದ್ನಾ?"

"ನೀನೇ."

ಅಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ಆಸ್ಪತ್ರೆಯಲ್ಲಿ ಗಂಡ ಬದುಕಿ ಉಳಿದನೆಂದು ಅತ್ತಿದ್ದವಳು ಈಗ ಬೇರೆ ಅಳು ಅತ್ತಳು. ಸದ್ದು ಮಾಡದೆ, ಗಂಡನಿಗೆ ಬೆನ್ನು ಮಾಡಿ ಕುಳಿತು ಅತ್ತಳು. ಮಂಚದ ಮೇಲಿಂದ ಮಾತು ಬರುತ್ತಲೇ ಇತ್ತು. ಕೆಮ್ಮು ಬಂತು, ಕೆಮ್ಮಿನ ನಂತರ ಮತ್ತೆ ಅದೇ ಮಾತು. ಅಷ್ಟು ತಿಂಗಳು ಅವಳು ಆ ಮಾತು ಕೇಳಿಯೇ ಹಾಲು ಕಾಯಿಸಿದ್ದಳು, ನೀರು ಕಾಯಿಸಿದ್ದಳು, ಗಿರಾಕಿಗಳನ್ನು ನಗಿಸಿದ್ದಳು. ಎರಡೂ ಕಡೆಯ ಮಾತನ್ನು ತಾನೊಬ್ಬಳೇ ಆಡಿಕೊಂಡು ಬಂದಿದ್ದಳು.

ಮಗಳು ಬಿಸಿ ನೀರು ಹೊಯ್ದು ತೊಟ್ಟಿ ತುಂಬಿಸಿದಳು. "ಏಳಮ್ಮಾ. ಡ್ರೈವರಣ್ಣನ ಮಗು ಕೇಳ್ತಿರುತ್ತೆ."

ಅಕ್ಕ ಎದ್ದಳು. ಚಕ್ರವನ್ನು ಮತ್ತೆ ನೀರಿಗಿಟ್ಟಳು. ಈ ಸಲ ಮಂಚದ ಕಡೆ ತಿರುಗಿ ನೋಡಲಿಲ್ಲ. ಹೆಬ್ಬೆರಳಿಗೆ ಸಾಕೆನಿಸಿದ ಕೂಡಲೇ ತೆಗೆದಳು, ಕುಸಿದ ಅಂಚನ್ನು ಮರದ ತುಂಡಿನಿಂದ ಮೆಲ್ಲಗೆ ಒತ್ತಿ ಮೇಲಕ್ಕೆ ತಂದಳು, ಚಪ್ಪಡಿಯ ನಡುವೆ ಇಟ್ಟು ಬಿಗಿದಳು. ಒಳಗಿನಿಂದ "ಕಾಯ್ಬೇಕು" ಬಂತು. ಕ್ಲಾಂಪಿನ ಕೊನೆಯ ಸುತ್ತು ಬಿಗಿದು ಮುಗಿಸಿ, ಕೈ ತೊಳೆದು ಅಡುಗೆಮನೆಗೆ ಹೋದಳು.

ಡ್ರೈವರ್ ಬಂದ ದಿನ ಹಿಂದಿನ ಚಕ್ರ ಬಹುಮಟ್ಟಿಗೆ ನೆಟ್ಟಗಿತ್ತು. ಒಂದು ಕಡೆ ಮಾತ್ರ ಅಂಚು ಚಪ್ಪಟೆಯಾಗಿ, ತಿರುಗುವಾಗ ಸ್ವಲ್ಪ ಕುಣಿಯುತ್ತಿತ್ತು. ಅಕ್ಕ ಅದನ್ನು ಮುಚ್ಚಿಡದೆ ತೋರಿಸಿದಳು.

"ಇಲ್ಲಿ ನನ್ನ ಕೈಯಿಂದ ತಪ್ಪಾಯ್ತು. ಹೆಚ್ಚು ಕಾಯಿಸಿಬಿಟ್ಟೆ. ಓಡಕ್ಕೆ ತೊಂದರೆ ಇಲ್ಲ, ಮಗು ಬೀಳಲ್ಲ."

"ಅಯ್ಯೋ, ಇಷ್ಟಾಗಿರೋದೇ ದೊಡ್ಡದು ಬಿಡಿ ಅಕ್ಕಾ" ಎಂದು ಡ್ರೈವರ್ ಸಂತೋಷದಿಂದ ಮಂಚದ ಬಳಿಗೆ ಬಂದು ಬಗ್ಗಿದ. "ಅಣ್ಣಾ, ನೀವು ಕೂತಲ್ಲಿಂದಲೇ ಕೆಲಸ ಮಾಡಿಸಿದ್ರಲ್ಲ! ಮಗಳನ್ನ ಕೂರಿಸಿ ಓಡಿಸ್ಲಾ?"

"ಕಾಯ್ಬೇಕು."

ಡ್ರೈವರ್ ಗಟ್ಟಿಯಾಗಿ ನಕ್ಕ. "ನೋಡಿ ಅಕ್ಕಾ, ಈಗಲೂ ತಮಾಷೆ ಬಿಟ್ಟಿಲ್ಲ. ಎಲ್ಲಾ ಅರ್ಥ ಆಗುತ್ತೆ ಅವರಿಗೆ."

ಅಕ್ಕ ಅವನ ಮುಖ ನೋಡಿದಳು. ಸೈಕಲ್ಲಿನ ಸೀಟನ್ನು ಇನ್ನೊಮ್ಮೆ ಬಟ್ಟೆಯಿಂದ ಒರೆಸಿ, "ಹುಷಾರಾಗಿ ತಗೊಂಡು ಹೋಗಿ" ಎಂದಳು.

ಅವನು ಹೋದ ಮೇಲೆ ಮಗಳನ್ನು ಕರೆದಳು. "ಬಾ, ಮಂಚದ ಆ ಕಡೆ ಹಿಡಿ."

"ಎಲ್ಲಿಗಮ್ಮಾ?"

"ಒಳಗೆ, ಕಿಟಕಿ ಹತ್ರ. ಅವರ ಎದೆಗೆ ಈ ಧೂಳು ಆಗಲ್ಲ."

ಮೊದಲು ಬೆಂಡಣ್ಣನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಮಂಚ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಓರೆ ಮಾಡಿ, ಕಾಲು ಮೇಲೆತ್ತಿ ಹೇಗೋ ದಾಟಿಸಿದರು. ಅವನನ್ನು ಮಲಗಿಸಿ, ಹೊದಿಕೆ ಸರಿಮಾಡಿ, ಅಕ್ಕ ಕಿಟಕಿಯ ಎರಡೂ ಬಾಗಿಲು ತೆರೆದಳು. ಹಿತ್ತಲ ಗಾಳಿ ಒಳಗೆ ಬಂತು. ಬೆಂಡಣ್ಣ ಗಾಳಿಗೆ ಕಣ್ಣು ಮುಚ್ಚಿದ. ಅವಳು ಅವನ ತಲೆಗೂದಲನ್ನು ಬೆರಳಿನಿಂದ ಹಿಂದಕ್ಕೆ ಬಾಚಿ, ನಿದ್ದೆ ಬರುವವರೆಗೂ ಪಕ್ಕದಲ್ಲಿ ಕುಳಿತಿದ್ದಳು. ಏನನ್ನೂ ಕೇಳಲಿಲ್ಲ.

ಆಮೇಲೆ ಅಂಗಡಿಗೆ ಬಂದಳು. ಮಂಚವಿದ್ದಷ್ಟು ಅಗಲಕ್ಕೆ ನೆಲ ಸ್ವಚ್ಛವಾಗಿ, ಬೇರೆ ಬಣ್ಣಕ್ಕಿತ್ತು. ಸ್ವಲ್ಪ ಹೊತ್ತು ಅದನ್ನು ನೋಡುತ್ತಾ ನಿಂತಳು. ಹೊರಗೆ ಬಿಸಿಲಲ್ಲಿ ರಿಪೇರಿಗೆ ಬಂದ ಸೈಕಲ್ಲುಗಳು ನಿಂತಿದ್ದವು. ಒಂದೊಂದಾಗಿ ಉರುಳಿಸಿಕೊಂಡು ಬಂದು ಆ ಜಾಗದಲ್ಲಿ ನಿಲ್ಲಿಸತೊಡಗಿದಳು.